ಕೋಳಿಮರಿ ಕದ್ದವರು ಯಾರು? ಹುಣಸೆಮರದ ಶಿಕ್ರಾ ಮೇಲಿನ ದೂರು

ಹೋದ ವರ್ಷ ಯುಗಾದಿಗೆ ಇನ್ನೇನು ಮೂರು ದಿನ ಇದೆ ಅನ್ನುವಾಗ ಅತ್ತೆಯ ಫೋನ್ ಬಂತು. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಹತ್ತಿರದಲ್ಲೇ ಅವರ ಮನೆ. ಹಬ್ಬಕ್ಕೆ ಕರೆಯಲು ಮಾಡಿದ್ದಾರೆ ಅಂದುಕೊಂಡೆ. ಅಲ್ಲ.

"ಲೋ ಮಗ, ನೀನು ಹಕ್ಕಿ ನೋಡ್ಕೊಂಡು ತಿರುಗ್ತೀಯಲ್ಲ, ಬಾ ಇಲ್ಲಿ. ಹಿತ್ಲು ಹುಣಸೆಮರದಲ್ಲಿ ಗಿಡುಗ ಸೇರ್ಕಂಡದೆ. ಹನ್ನೊಂದು ಪಿಳ್ಳೆ ಇದ್ದೋ, ಏಳಾಗವೆ. ನಿಮ್ ಭಾವ ಭಾನುವಾರ ಕೊಂಬೆ ಕಡಿಸ್ತೀನಿ ಅಂತ ಕುಂತವ್ನೆ."

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಓಡಾಡುವವರಲ್ಲಿ ನಾನೂ ಒಬ್ಬ. ಈ ಕೇಸಿನಲ್ಲಿ ನನ್ನ ಅರ್ಹತೆ ಅಷ್ಟೇ. ಆದರೂ ಮುಂದಿನ ಎರಡೂವರೆ ತಿಂಗಳು ಶನಿವಾರ, ಭಾನುವಾರ ಬಂದರೆ ಆ ಹಿತ್ತಲಲ್ಲೇ ಕೂತಿದ್ದೆ. ಅಲ್ಲಿ ನಡೆದದ್ದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನಾನು ಎಡವಿದ ಕಡೆಗಳೂ ಇದರಲ್ಲಿ ಇವೆ.

ಆರೋಪಿ

ಹುಣಸೆಮರ ಹಳೆಯದು. ಅತ್ತೆ ಮದುವೆಯಾಗಿ ಬಂದಾಗಲೇ ಇಷ್ಟು ದೊಡ್ಡದಿತ್ತಂತೆ. ಮೇಲೆ ಒಂದು ಕವಲಿನಲ್ಲಿ ಕಾಗೆಗೂಡಿನಂಥ ಕಡ್ಡಿ ರಾಶಿ ಕಂಡಿತು. ಪಕ್ಕದ ಕೊಂಬೆಯಲ್ಲಿ ಹಕ್ಕಿ ಸುಮ್ನೆ ಕೂತಿತ್ತು. ಬೂದು ಬೆನ್ನು. ಬಿಳಿ ಎದೆಯ ಮೇಲೆ ಇಟ್ಟಿಗೆ ಬಣ್ಣದ ತೆಳು ಅಡ್ಡಗೆರೆಗಳು. ಗಂಟಲಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಮಾಸಲು ಗೀಟು. ಕಣ್ಣು ಕೆಂಪು. ಶಿಕ್ರಾ ಅನ್ನುವ ಸಣ್ಣ ಗಿಡುಗ, ಅದೂ ಗಂಡು. ಹೆಣ್ಣಿನ ಕಣ್ಣು ಇಷ್ಟು ಕೆಂಪಗಿರುವುದಿಲ್ಲ, ಹಳದಿಗೆ ತಿರುಗಿರುತ್ತದೆ.

ಊರಲ್ಲಿ ಇದನ್ನು ಬೇರೆಯಾಗಿ ಗುರುತಿಸುವವರು ಕಡಿಮೆ. ಕೊಕ್ಕು ಬಾಗಿದ್ದೆಲ್ಲ ಗಿಡುಗ, ಇಲ್ಲವೇ ಹದ್ದು. ಅತ್ತೆ ಮನೆಯಿಂದ ರಂಗನತಿಟ್ಟು ದೂರವಿಲ್ಲ. 1940ರಲ್ಲಿ ಸಲೀಂ ಅಲಿ ಅವರ ಮಾತು ಕೇಳಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ಅಲ್ಲಿ ಕೊಕ್ಕರೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಿತ್ತಲ ಹಕ್ಕಿಯನ್ನು ತಲೆ ಎತ್ತಿ ನೋಡಬೇಕಾದರೆ ಮಾತ್ರ ಅದು ಏನಾದರೂ ಕದಿಯಬೇಕು.

ಶಿಕ್ರಾ ದೊಡ್ಡ ಹಕ್ಕಿಯೇನಲ್ಲ. ಕೊಕ್ಕಿನಿಂದ ಬಾಲದ ತುದಿವರೆಗೆ 26ರಿಂದ 30 ಸೆಂಟಿಮೀಟರ್. ಉದ್ದಕ್ಕೆ ಪಾರಿವಾಳದಷ್ಟು, ತೂಕಕ್ಕೆ ಅದಕ್ಕಿಂತ ಕಡಿಮೆ. ಹೆಣ್ಣು ಗಂಡಿಗಿಂತ ದೊಡ್ಡದು. ಬೇಟೆಗೆ ಹಕ್ಕಿ ಪಳಗಿಸುತ್ತಿದ್ದ ಉತ್ತರದ ಕಡೆಯವರು ಹೆಣ್ಣನ್ನು ಶಿಕ್ರಾ ಎಂದೂ ಗಂಡನ್ನು ಚಿಪ್ಕಾ ಎಂದೂ ಕರೆಯುತ್ತಿದ್ದರು. ಬೇಗ ಪಳಗುತ್ತದೆ ಅಂತ ಅವರಿಗೆ ಇದರ ಮೇಲೆ ಪ್ರೀತಿ. ಬೆಲೆಬಾಳುವ ದೊಡ್ಡ ಬೇಟೆಹಕ್ಕಿಗಳಾದ ಡೇಗೆಗಳಿಗೆ ಊಟ ಹಿಡಿಸಲು ಇದನ್ನು ಬಿಡುತ್ತಿದ್ದರು. ಅಡುಗೆ ಆಳು ಅನ್ನಿ.

ಮೈಕಟ್ಟು ಮಾತ್ರ ನೋಡುವಂಥದ್ದು. ರೆಕ್ಕೆ ಗಿಡ್ಡ, ತುದಿ ದುಂಡಗೆ. ಬಾಲ ಉದ್ದ. ಹದ್ದಿನ ಹಾಗೆ ಬಯಲಿನ ಮೇಲೆ ಗಂಟೆಗಟ್ಟಲೆ ಸುತ್ತುವ ಹಕ್ಕಿಯಲ್ಲ ಇದು. ಮರಗಳ ನಡುವೆ ನುಗ್ಗುವ ಹಕ್ಕಿ. ಸಂಜೆ ಹೊತ್ತು ದೇವರಾಜ ಮಾರ್ಕೆಟ್ಟಿನ ಸಂದಿಯಲ್ಲಿ ಕೆಲವು ಹುಡುಗರು ಸೈಕಲ್ ನುಗ್ಗಿಸುತ್ತಾರಲ್ಲ, ಹಾಗೆ. ಬಾಲ ಅದಕ್ಕೆ ಹ್ಯಾಂಡಲ್ಲೂ ಹೌದು, ಬ್ರೇಕೂ ಹೌದು. ಎಲೆಮರೆಯಲ್ಲಿ ಅಲ್ಲಾಡದೆ ಕೂತಿರುತ್ತದೆ. ಕೆಳಗೆ ಏನಾದರೂ ಸರಿದರೆ ಒಂದೇ ಏಟಿಗೆ ಬೀಳುತ್ತದೆ. ತಪ್ಪಿದರೆ ಅಟ್ಟಿಸಿಕೊಂಡು ಬಹಳ ದೂರ ಹೋಗುವುದೂ ಇಲ್ಲ. ದೂರ ಹಾರುವಾಗ ನಾಲ್ಕು ಸಲ ಬೇಗ ಬೇಗ ರೆಕ್ಕೆ ಬಡಿದು ಒಂದಿಷ್ಟು ತೇಲುತ್ತದೆ, ಮತ್ತೆ ಬಡಿಯುತ್ತದೆ.

ಇದೇ ಬಣ್ಣ, ಇದೇ ಹಾರಾಟ ಇರುವ ಕೋಗಿಲೆ ಜಾತಿಯ ಹಕ್ಕಿಯೂ ಒಂದಿದೆ. ಬೇಸಿಗೆಯಲ್ಲಿ ಸ್ವರ ಏರಿಸುತ್ತಾ ಏರಿಸುತ್ತಾ ತಲೆ ಚಿಟ್ಟು ಹಿಡಿಸುತ್ತದಲ್ಲ, ಬ್ರೈನ್ ಫೀವರ್ ಹಕ್ಕಿ, ಅದೇ. ಅದು ತಿನ್ನುವುದು ಕಂಬಳಿಹುಳ. ಆದರೂ ಅದು ಹಾರಿ ಬಂದರೆ ಸಣ್ಣ ಹಕ್ಕಿಗಳು ಗಿಡುಗ ಬಂತೆಂದೇ ಹೆದರುತ್ತವೆ. ಹುಣಸೆಮರದಲ್ಲಿ ಇದ್ದದ್ದು ಅದಲ್ಲ ಎಂದು ಮೊದಲ ದಿನವೇ ಖಚಿತವಾಯಿತು. ಕೋಗಿಲೆ ಜಾತಿಯ ಆ ಹಕ್ಕಿ ಗೂಡು ಕಟ್ಟುವುದೇ ಇಲ್ಲವಲ್ಲ, ಹರಟೆಮಲ್ಲನ ಗೂಡಿಗೆ ಮೊಟ್ಟೆ ಇಟ್ಟು ಹೋಗುತ್ತದೆ.

ಭಾವನಿಗೆ ಮೊದಲು ಕಾನೂನು ಹೇಳಿ ನೋಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಡು ಕೆಡವುವುದು, ಮೊಟ್ಟೆ ತೆಗೆಯುವುದು ಅಪರಾಧ. "ನನ್ ಕೋಳಿ ಕದಿಯೋದು ಅಪರಾಧ ಅಲ್ವಾ ಬಾಮೈದ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರ ಟೈಮ್ ಕೇಳಿದೆ. ಹಬ್ಬದ ಮುಖ ನೋಡಿ ಒಪ್ಪಿಕೊಂಡ.

ಗೋಡೆ ಮೇಲಿನ ಗೀಟು

ಮರಿ ಕಾಣೆಯಾಗಿದೆ ಅನ್ನುವುದು ಮನೆಯವರಿಗೆ ಗೊತ್ತಿತ್ತು. ಯಾವಾಗ ಕಾಣೆಯಾಯಿತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನುಚ್ಚು ಹಾಕುವಾಗ ಅತ್ತೆ ಎಣಿಸುತ್ತಿದ್ದರು, ಒಂದು ಕಡಿಮೆ ಇರುತ್ತಿತ್ತು, ಮರದಲ್ಲಿ ಗಿಡುಗ ಕೂತಿರುತ್ತಿತ್ತು. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಹೇಳಿದ್ದು ಇಷ್ಟೇ. ಸಂಜೆ ಗೂಡಿಗೆ ಕೂಡುವಾಗ ಒಂದು ಸಲ ಎಣಿಸಿ. ಬೆಳಿಗ್ಗೆ ಬಿಡುವಾಗ ಇನ್ನೊಂದು ಸಲ. ಹಿತ್ತಲ ಬಾಗಿಲ ಪಕ್ಕದ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆಯಿರಿ, ಎಡಕ್ಕೆ ಸಂಜೆ, ಬಲಕ್ಕೆ ಬೆಳಿಗ್ಗೆ. ಅತ್ತೆ ಶಾಲೆಗೆ ಹೋದವರಲ್ಲ. ಆದರೆ ಹಾಲಿನ ಡೇರಿ ಲೆಕ್ಕವನ್ನು ವರ್ಷಗಟ್ಟಲೆ ಬಾಯಲ್ಲೇ ಇಟ್ಟುಕೊಂಡವರು. ಒಂದು ದಿನವೂ ತಪ್ಪಿಸಲಿಲ್ಲ.

ಎರಡು ವಾರದಲ್ಲಿ ಇನ್ನೂ ಮೂರು ಮರಿ ಹೋದವು. ಗೋಡೆ ನೋಡಿದರೆ, ಮೂರರಲ್ಲಿ ಎರಡು ಹೋಗಿದ್ದು ಸಂಜೆಯ ಗೀಟಿಗೂ ಬೆಳಗಿನ ಗೀಟಿಗೂ ನಡುವೆ. ರಾತ್ರಿ.

ಇಲ್ಲಿಗೆ ಕೇಸು ತಿರುಗಿತು. ಶಿಕ್ರಾ ಹಗಲು ಹಕ್ಕಿ. ಮುಸ್ಸಂಜೆಯಲ್ಲಿ ಆಗಷ್ಟೇ ಹೊರಬೀಳುವ ಸಣ್ಣ ಬಾವಲಿಗಳನ್ನು ಹಿಡಿಯುವುದುಂಟು, ಅಲ್ಲಿಗೆ ಅದರ ಪಾಳಿ ಮುಗಿಯಿತು. ಕತ್ತಲಲ್ಲಿ ಬಾಗಿಲು ಹಾಕಿದ ಕೋಳಿಗೂಡಿನ ಒಳಗೆ ನುಗ್ಗುವ ಪೈಕಿಯಲ್ಲ. ಕೋಳಿಗೂಡಿನ ಹಿಂದೆ ಸೌದೆ ಒಟ್ಟಿದ್ದರು. ಭಾವ, ನಾನು ಸೇರಿ ಸರಿಸಿದೆವು. ಮೂಲೆಯಲ್ಲಿ ಹೆಗ್ಗಣದ ಬಿಲ. ಹೊಸ ಮಣ್ಣು ಎಳೆದು ಹಾಕಿತ್ತು. ಬಿಲದ ಬಾಯಲ್ಲಿ ಹಳದಿ ನಯವಾದ ಪುಕ್ಕ, ಒಂದು ಪುಟ್ಟ ಕಾಲು. ಅತ್ತೆ ಸೆರಗು ಬಾಯಿಗೆ ಹಿಡಿದು ನೋಡಿದರು. "ಇದು ನಮ್ ಬುಡದಲ್ಲೇ ಇತ್ತಲ್ಲಪ್ಪ" ಅಂದರು.

ಭಾವ ಅಂಗಡಿಯಿಂದ ಇಲಿ ಕೇಕ್ ತರಲು ಹೊರಟ. ಬ್ರೊಮಾಡಿಯೊಲೋನ್ ಹಾಕಿದ ನೀಲಿ ಕೇಕ್ ಸಿಗುತ್ತದಲ್ಲ, ಅದು. ಅದನ್ನು ತಡೆಯಲು ನಾನು ಬಹಳ ಹೊತ್ತು ವಾದ ಮಾಡಬೇಕಾಯಿತು. ಆ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಒಳಗೊಳಗೇ ರಕ್ತ ಸೋರಿ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಮಂಕಾದ ಇಲಿ ಸುಲಭದ ಬೇಟೆ. ಅದನ್ನು ತಿಂದ ಗೂಬೆಗೆ, ಬೆಕ್ಕಿಗೆ, ಗಿಡುಗಕ್ಕೆ ವಿಷ ದಾಟುತ್ತದೆ. ಮನೆಯ ಬೆಕ್ಕಿನ ಮಾತು ಬಂದಾಗಲೇ ಅತ್ತೆ ನನ್ನ ಪಕ್ಷಕ್ಕೆ ಬಂದದ್ದು, ಗಿಡುಗದ ಮಾತಿಗಲ್ಲ. ಕೊನೆಗೆ ಇಲಿಬೋನು ಇಟ್ಟೆವು. ಬಿಲಕ್ಕೆ ಕಲ್ಲು, ಗಾಜಿನ ಚೂರು ತುಂಬಿ ಸಿಮೆಂಟ್ ಮೆತ್ತಿದೆವು. ಗೂಡಿನ ತಳಕ್ಕೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದೆವು.

ಕೂಗು ಯಾರದ್ದು

ಹಗಲು ಹೋದ ಒಂದು ಮರಿಯ ಲೆಕ್ಕ ಬಾಕಿ ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ವಾರ ಶಿಕ್ರಾ ಕೂಗು ತುಂಬಾ ಸಲ ದಾಖಲಾಗಿತ್ತು. ಚುರುಕಾದ ಎರಡು ಸ್ವರದ ಸೀಟಿ, ಕೋಳಿ ಓಡಾಡುವ ಜಾಗದ ಪಕ್ಕದಲ್ಲೇ, ತಿಪ್ಪೆಯ ಹತ್ತಿರ. ಕೋಳಿಗಳ ಮೇಲೆ ಇದಕ್ಕೆ ಭಾರಿ ಕಣ್ಣಿದೆ ಎಂದು ಅಡಿಗೆರೆ ಬೇರೆ ಹಾಕಿದ್ದೆ.

ಎರಡನೇ ಭಾನುವಾರ ತಿಪ್ಪೆ ಹತ್ತಿರ ಅದೇ ಸೀಟಿ ಕೇಳಿತು. ಆದರೆ ಶಿಕ್ರಾ ಗಂಡು ನನ್ನ ಕಣ್ಣೆದುರಿಗೇ ತೆಂಗಿನ ಗರಿ ಮೇಲೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಕೂಗಿದ್ದು ಕರೆಂಟ್ ತಂತಿ ಮೇಲಿದ್ದ ಕಾಜಾಣ. ತಿಪ್ಪೆ ಕೆದಕುತ್ತಿದ್ದ ಗೊರವಂಕಗಳು ಹುಳ ಬಿಟ್ಟು ಎದ್ದೆವೋ ಬಿದ್ದೆವೋ ಅಂತ ಓಡಿದವು. ಕಾಜಾಣ ಆರಾಮಾಗಿ ಇಳಿದು ಅವು ಬಿಟ್ಟ ಹುಳ ತಿಂದಿತು. ಕಾಜಾಣ ಶಿಕ್ರಾ ದನಿ ಕದ್ದು ಗೊರವಂಕಗಳನ್ನು ಓಡಿಸುತ್ತದೆ ಎಂದು ಓದಿದ್ದೆ. ಓದಿದ್ದು ಎದುರಿಗೆ ಬಂದಾಗ ಗುರುತಿಸಲು ಎರಡು ವಾರ ಬೇಕಾಯಿತು. ಮೊದಲ ವಾರದ ಪುಟಗಳಲ್ಲಿ ಕೂಗಿನ ಲೆಕ್ಕವನ್ನೆಲ್ಲ ಅಡ್ಡಗೀಟು ಹಾಕಿ ಹೊಡೆದೆ. ಬರೀ ಕಿವಿ ನಂಬಿ ಬರೆದದ್ದು ಯಾವುದೂ ಉಳಿಯಲಿಲ್ಲ.

ನಿಜವಾದ ಶಿಕ್ರಾ ಗೂಡಿನ ಹತ್ತಿರ ಕೂಗುತ್ತಿದ್ದದ್ದು ಬೇರೆ ಕೆಲಸಕ್ಕೆ. ಆ ಹೊತ್ತಿಗೆ ಹೆಣ್ಣು ಕಾವಿಗೆ ಕೂತಿತ್ತು. ಗೂಡಿನ ಅಂಚಿನಲ್ಲಿ ಬಾಲ ಮಾತ್ರ ಕಾಣುತ್ತಿತ್ತು. ಮೊಟ್ಟೆ ನಾನು ನೋಡಲಿಲ್ಲ, ಮರ ಹತ್ತಲಿಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಇಡುತ್ತದೆ, 18ರಿಂದ 21 ದಿನ ಕಾವು. ಆ ದಿನಗಳಲ್ಲಿ ಬೇಟೆಯ ಭಾರ ಹೆಚ್ಚಿನಂಶ ಗಂಡಿನದು. ಏನಾದರೂ ಹಿಡಿದು ತಂದು ಪಕ್ಕದ ಬೇವಿನಮರದಲ್ಲಿ ಕೂತು ಕೂಗುತ್ತಿತ್ತು. ಹೆಣ್ಣು ಎದ್ದು ಬಂದು ಕಿತ್ತುಕೊಳ್ಳುವ ಹಾಗೆ ಇಸಿದುಕೊಂಡು, ಇನ್ನೊಂದು ಕೊಂಬೆಗೆ ಹೋಗಿ ತಿಂದು, ಕೊಕ್ಕು ಉಜ್ಜಿಕೊಂಡು ಮತ್ತೆ ಗೂಡಿಗೆ. ಗಂಡಿಗೆ ಒಂದು ನಿಮಿಷದ ಉಪಚಾರವೂ ಇಲ್ಲ. ಅತ್ತೆಗೆ ಇದು ತುಂಬಾ ಇಷ್ಟವಾಯಿತು. "ತಂದಾಕು, ನಡಿ" ಅಂತ ಆ ಹೆಣ್ಣಿನ ಪರವಾಗಿ ತಾವೇ ಮಾತಾಡುತ್ತಿದ್ದರು.

ಬೇವಿನಮರದ ಕೆಳಗೆ

ಆ ಬೇವಿನಮರವೇ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು. ಗಂಡು ಬೇಟೆಯನ್ನು ಅಲ್ಲೇ ಒಂದು ದಪ್ಪ ಅಡ್ಡಕೊಂಬೆ ಮೇಲೆ ಇಟ್ಟು ಪುಕ್ಕ ಕೀಳುತ್ತಿತ್ತು. ಕೆಳಗೆ ಗುಡಿಸಿದರೆ ಅದರ ಊಟದ ಪಟ್ಟಿ ಸಿಗುತ್ತಿತ್ತು. ವಾರವಾರ ಒಂದು ಹಳೆಯ ಮೊರ ಹಿಡಿದು ಗುಡಿಸಿದೆ. ಊರ ಹುಡುಗರು ನನ್ನನ್ನು ನೋಡಿ ನಗುತ್ತಿದ್ದರು, ನಗಲಿ.

ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಓತಿಕ್ಯಾತ. ಗಂಡು ಹಾರಿ ಬರುವಾಗಲೇ ಕಾಲಿನ ಕೆಳಗೆ ಉದ್ದ ಬಾಲ ದಾರದ ಹಾಗೆ ನೇತಾಡುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಹಾವುರಾಣಿ. ಎರಡು ಸಲ ಅಳಿಲಿನ ಬಾಲ. ಗದ್ದೆಯ ಚಿಟ್ಟಿಲಿ ಕೆಲವು. ಹಕ್ಕಿಗಳಲ್ಲಿ ಗುಬ್ಬಿ, ಪಿಕಳಾರದ ಪುಕ್ಕ. ದೊಡ್ಡ ಮಿಡತೆಯ ಕಾಲುಗಳು. ಗಿಡುಗಗಳು ಕಕ್ಕುವ ಉಂಡೆಗಳೂ ಬಿದ್ದಿರುತ್ತಿದ್ದವು. ಗೂಬೆಯ ಉಂಡೆ ಬಿಡಿಸಿದರೆ ಇಲಿಯ ತಲೆಬುರುಡೆ ಇಡಿಯಾಗಿ ಸಿಗುತ್ತದೆ. ಇದರಲ್ಲಿ ಹಾಗಿಲ್ಲ, ಮೂಳೆಯನ್ನು ಬಹುಪಾಲು ಅರಗಿಸಿಕೊಂಡುಬಿಡುತ್ತದೆ, ಉಳಿಯುವುದು ಕೂದಲು, ಪುಕ್ಕ, ಹುರುಪೆ.

ಕೋಳಿಮರಿಯ ಪುಕ್ಕ? ಆ ಎರಡು ವಾರ ಒಂದೂ ಇಲ್ಲ. ಹಗಲು ಹೋದ ಆ ಮರಿಯ ಕಥೆ ಕೊನೆಗೆ ಭಾವನ ಮಗಳಿಂದ ಹೊರಬಂತು. ಬಾಳೆಗಿಡದ ಹಿಂದೆ ಕೆಂಬೂತ ಹಕ್ಕಿ ಕೋಳಿಮರಿಯೊಂದನ್ನು ಎಳೆದುಕೊಂಡು ಹೋದದ್ದನ್ನು ಅವಳು ನೋಡಿದ್ದಳು. ಕೆಂಬೂತ ನೋಡಿದರೆ ಒಳ್ಳೆಯದಾಗುತ್ತದೆ ಅಂತ ಅಜ್ಜಿ ಹೇಳಿಕೊಟ್ಟಿದ್ದರಿಂದ ದೂರು ಕೊಟ್ಟಿರಲಿಲ್ಲ! ಒಂಬತ್ತು ವರ್ಷದ ಹುಡುಗಿ, ಅವಳದ್ದೇನು ತಪ್ಪು.

ಇನ್ನೊಂದು ಮಾತು. ನಾನು ಹೋಗುವ ಮೊದಲೇ ನಾಲ್ಕು ಮರಿ ಹೋಗಿದ್ದವು. ಅದರಲ್ಲಿ ಶಿಕ್ರಾ ಪಾಲು ಎಷ್ಟು ಎಂದು ಗೋಡೆ ಹೇಳುವುದಿಲ್ಲ. ಅದನ್ನು ನಾನು ಮಾಫಿ ಮಾಡಿಲ್ಲ, ಖಾಲಿ ಬಿಟ್ಟಿದ್ದೇನೆ.

ಸಿಕ್ಕಿಬಿದ್ದ ದಿನ

ಏಪ್ರಿಲ್ ಕೊನೆಗೆ ಎರಡು ಕಡೆ ಮರಿ ಎದ್ದವು. ಮೇಲೆ ಶಿಕ್ರಾ ಗೂಡಿನಲ್ಲಿ ಬಿಳಿ ತುಪ್ಪಳದ ತಲೆಗಳು, ಎಣಿಸಿದಾಗ ಮೂರು. ಕೆಳಗೆ ಇನ್ನೊಂದು ಹ್ಯಾಟೆಕೋಳಿಯ ಒಂಬತ್ತು ಮರಿ. ಶಿಕ್ರಾಗೆ ವರ್ಷದಲ್ಲೇ ಹೆಚ್ಚು ಊಟ ಬೇಕಾದ ಹೊತ್ತು, ಕೋಳಿಮರಿ ಹೊರಲು ಹಗುರವಾಗಿರುವ ಹೊತ್ತು, ಎರಡೂ ಒಂದೇ ಆದವು. ತಿಂಗಳು ತುಂಬಿದ ನಾಟಿ ಮರಿಯನ್ನು ಎತ್ತಿಕೊಂಡು ಹಾರುವುದು ಈ ಹಕ್ಕಿಗೆ ಬಲು ಕಷ್ಟ. ಮೊದಲ ಎರಡು ಮೂರು ವಾರವೇ ಅಪಾಯ. ಅಷ್ಟು ದಿನ ಮರಿಗಳನ್ನು ಮಂಕರಿ ಕೆಳಗೆ ಕವುಚಿ ಇಡುವುದು, ಬಿಡುವಾಗ ಚಪ್ಪರದ ಕೆಳಗೆ ಬಿಡುವುದು ಅಂತ ತೀರ್ಮಾನವಾಯಿತು. ಇದೇನು ನನ್ನ ಉಪಾಯವಲ್ಲ. ಅತ್ತೆಯ ಅತ್ತೆ ಹಾಗೇ ಮಾಡುತ್ತಿದ್ದರಂತೆ. ಮಂಕರಿ ಹೋಗಿ ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ರೂಢಿ ತಪ್ಪಿತ್ತು.

ಮೇ ಮೊದಲ ಶನಿವಾರ, ಬೆಳಿಗ್ಗೆ ಏಳೂವರೆ ಇರಬಹುದು. ಅತ್ತೆ ನುಚ್ಚು ಹಾಕಲು ಮಂಕರಿ ಎತ್ತಿದರು. ನಾನು ಜಗಲಿ ಮೇಲೆ ಕಾಫಿ ಲೋಟ ಹಿಡಿದಿದ್ದೆ. ಹಕ್ಕಿ ಮರದಿಂದ ಬರಲಿಲ್ಲ. ಕಬ್ಬಿನ ಗದ್ದೆ ಬದುವಿನಿಂದ, ಮೊಣಕಾಲಷ್ಟು ಎತ್ತರದಲ್ಲಿ ಬಂತು. ಸೋಗೆ ಬೇಲಿಯ ಆ ಕಡೆ ಇರುವವರೆಗೆ ಕಾಣಲೇ ಇಲ್ಲ. ಬೇಲಿ ಹತ್ತಿರ ಒಂದೇ ಒಂದು ಸಲ ಮೇಲೆದ್ದು ಈ ಕಡೆ ಬಿತ್ತು. ಹ್ಯಾಟೆ ರೆಕ್ಕೆ ಅಗಲಿಸಿ ಎಗರುವಷ್ಟರಲ್ಲಿ ಅಂಚಿನ ಮರಿ ಹೋಗಿತ್ತು. ದೊಡ್ಡದು, ಹೆಣ್ಣು. ಮರಿಗಳು ಸ್ವಲ್ಪ ಬಲಿತ ಮೇಲೆ ಅದೂ ಬೇಟೆಗೆ ಇಳಿದಿತ್ತು. ಹ್ಯಾಟೆ ಬೇಲಿವರೆಗೆ ಅಟ್ಟಿಸಿಕೊಂಡು ಹೋಗಿ ನಿಂತಿತು.

ಅತ್ತೆ ಏನೂ ಅನ್ನಲಿಲ್ಲ. ನನ್ನ ಕಡೆ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಒಂದು ಕಳುವು, ಸಾಕ್ಷಿ ನಾನೇ. ಆ ದಿನ ಭಾವ ಕೊಂಬೆ ಕಡಿಸುತ್ತೇನೆ ಅಂದಿದ್ದರೆ ನನಗೆ ಎದುರು ಮಾತಾಡುವ ಬಾಯಿ ಇರುತ್ತಿರಲಿಲ್ಲ. ಅವನು ಗೋಡೆ ಹತ್ತಿರ ಹೋಗಿ ಒಂದು ಗೀಟು ಕಡಿಮೆ ಎಳೆದು ಗದ್ದೆಗೆ ಹೋದ. ಆಮೇಲೆ ಅತ್ತೆ ಚಪ್ಪರದ ಮೂರು ಕಡೆ ಹಳೆಯ ಮೀನುಬಲೆ ಇಳಿಬಿಟ್ಟರು. ಆ ಒಂಬತ್ತರಲ್ಲಿ ಇನ್ನೊಂದನ್ನು ಕಾಗೆ ಹೊಡೆಯಿತು. ಏಳು ದೊಡ್ಡವಾದವು. ಮೊದಲ ಹನ್ನೊಂದರಲ್ಲಿ ಉಳಿದದ್ದು ನಾಲ್ಕು.

ಮಳೆಹುಳದ ಸಂಜೆ

ಮೇ ನಡುವೆ ಒಂದು ರಾತ್ರಿ ಜೋರು ಗಾಳಿ, ಆಲಿಕಲ್ಲು ಮಳೆ. ಬೆಳಿಗ್ಗೆ ಗೂಡಿನ ಒಂದು ಬದಿ ಕುಸಿದಿತ್ತು, ಮೂರು ಮರಿಗಳಲ್ಲಿ ಒಂದು ಇರಲಿಲ್ಲ. ಕೆಳಗೆ ಹುಡುಕಿದೆವು, ಸಿಗಲಿಲ್ಲ. ನಾಯಿಯೋ ಬೆಕ್ಕೋ.

ಉಳಿದ ಎರಡು ಜೂನ್ ಶುರುವಿಗೆ ಗೂಡು ಬಿಟ್ಟು ಕೊಂಬೆಗೆ ಬಂದವು. ಅಪ್ಪ ಅಮ್ಮನ ಹಾಗಿರಲಿಲ್ಲ. ಕಂದು ಬೆನ್ನು, ಎದೆಯ ಮೇಲೆ ಉದ್ದುದ್ದ ಕಂದು ಗೆರೆ ಮತ್ತು ಚುಕ್ಕೆ, ಕಣ್ಣು ಹಳದಿ. ಗಂಟಲಿನ ಗೀಟು ಮಾತ್ರ ಮನೆತನದ್ದು. ದಿನವಿಡೀ ಊಟಕ್ಕೆ ಕಿರುಚುವುದು, ಎಲೆ ಹಿಡಿಯುವುದು, ಒಣ ಹುಣಸೆಕಾಯಿಯನ್ನು ಉಗುರಿನಲ್ಲಿ ಕಿತ್ತು ಬೀಳಿಸುವುದು. ಹರಟೆಮಲ್ಲಗಳ ಗುಂಪು ದಿನಕ್ಕೆರಡು ಸಲ ಬಂದು ಒಟ್ಟಾಗಿ ಬೈದು ಹೋಗುತ್ತಿತ್ತು. ದೊಡ್ಡ ಶಿಕ್ರಾ ಕೂಡ ಆ ಗುಂಪಿಗೆ ಎದುರು ನಿಲ್ಲುತ್ತಿರಲಿಲ್ಲ, ಮರ ಬದಲಾಯಿಸುತ್ತಿತ್ತು.

ಒಂದು ಸಂಜೆ ಮಳೆ ನಿಂತ ಮೇಲೆ ಹಿತ್ತಲ ಮೂಲೆಯ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಹೊಗೆಯ ಹಾಗೆ ಎದ್ದವು. ಕಾಜಾಣ, ಕಾಗೆ, ಗೊರವಂಕ, ಎಲ್ಲ ಬಂದವು. ಬೆಳೆದ ಕೋಳಿಗಳೂ ಓಡಿ ಬಂದವು. ಶಿಕ್ರಾ ಮರಿಗಳು ಎರಡೂ ನೆಲಕ್ಕಿಳಿದು, ಕುಪ್ಪಳಿಸುತ್ತಾ ಹುಳ ಹೆಕ್ಕತೊಡಗಿದವು. ನಾಲ್ಕು ಮಾರು ದೂರದಲ್ಲಿ ಏಳು ಕೋಳಿ. ಒಂದು ಹುಂಜದ ಮರಿ ಕತ್ತು ಉದ್ದ ಮಾಡಿ ಎರಡು ಹೆಜ್ಜೆ ಮುಂದೆ ಹೋಯಿತು. ಶಿಕ್ರಾ ಮರಿ ಹಿಂದಕ್ಕೆ ಸರಿಯಿತು.

"ಇದಾ ಕಳ್ಳ?" ಅಂದ ಭಾವ.

ಕೊಂಬೆಯನ್ನು ದೀಪಾವಳಿ ಕಳೆದ ಮೇಲೆ ಕಡಿಸಿದ. ಮನೆ ಹೆಂಚಿನ ಮೇಲೆ ಬೀಳುವ ಹಾಗೆ ಬಾಗಿತ್ತು, ಕಡಿಸಲೇಬೇಕಿತ್ತು. ಗೂಡು ಹಾಗೇ ಕೆಳಗಿಳಿಯಿತು. ಕಡ್ಡಿ, ಒಣಹುಲ್ಲು, ಜೊತೆಗೆ ತೋಟದ ಬೇಲಿಯಿಂದ ಕಿತ್ತ ಎರಡು ತುಂಡು ಬೈಂಡಿಂಗ್ ವೈರು.

ಈ ಸಲ ಜೋಡಿ ಪಕ್ಕದ ಮನೆಯವರ ಮಾವಿನಮರದಲ್ಲಿ ಕಟ್ಟಿದೆ. ಹೋದ ವಾರ ಆ ಮನೆಯವರು ನನ್ನ ನಂಬರ್ ಇಸಿದುಕೊಂಡು ಫೋನ್ ಮಾಡಿದ್ದರು. ಎರಡು ಪಿಳ್ಳೆ ಕಾಣ್ತಾ ಇಲ್ಲವಂತೆ. ಸಂಜೆಯೋ ಬೆಳಿಗ್ಗೆಯೋ ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಅತ್ತೆ ಇದ್ದಿಲು ಕೊಟ್ಟು ಕಳಿಸಿದ್ದಾರೆ.